ನೀಲಗಿರಿ ಎಣ್ಣೆಯ ಎರಡು ಮುಖ

ತುಮಕೂರಿನಿಂದ ಗುಬ್ಬಿಗೋ ಕುಣಿಗಲ್ಲಿಗೋ ಹೋಗುವಾಗ ಹೊಲದಂಚಿನ ನೀಲಗಿರಿ ತೋಪುಗಳನ್ನು ನೀವು ನೋಡಿರಬಹುದು. ಎಲೆಯನ್ನು ಹಿಸುಕಿ ಮೂಸಿದರೆ ನೆಗಡಿಗೆ ಹಚ್ಚುವ ಎಣ್ಣೆಯ ನೆನಪಾಗುತ್ತದೆ. ಆದರೆ ಬಯಲುಸೀಮೆಯ ಈ ಮರ ಬಹುಮಟ್ಟಿಗೆ 'ಮೈಸೂರು ಗಮ್'. ಟಿಪ್ಪು ಸುಲ್ತಾನ್ 1790ರ ಸುಮಾರಿಗೆ ನಂದಿಬೆಟ್ಟದಲ್ಲಿ ನೆಡಿಸಿದ ಮರಗಳೇ ಇದರ ಮೂಲವೆನ್ನುತ್ತಾರೆ. ಊಟಿಯ ಎಣ್ಣೆ ಬರುವುದು ಬೇರೊಂದು ಪ್ರಭೇದದಿಂದ, ಯೂಕಲಿಪ್ಟಸ್ ಗ್ಲಾಬ್ಯುಲಸ್‌ನಿಂದ.

ಎಣ್ಣೆಯ ಉದ್ಯಮ ಆರಂಭವಾದದ್ದು ಆಸ್ಟ್ರೇಲಿಯದಲ್ಲಿ. 1852ರಲ್ಲಿ ಜೋಸೆಫ್ ಬೊಸಿಸ್ಟೊ ವಿಕ್ಟೋರಿಯದಲ್ಲಿ ಎಲೆಗಳಿಂದ ಎಣ್ಣೆಯನ್ನು ಬಟ್ಟಿ ಇಳಿಸತೊಡಗಿದ. ಇಲ್ಲಿ ಭೌತವಿಜ್ಞಾನದ ಮೇಷ್ಟರಿಗೆ ಒಳ್ಳೆಯ ಪಾಠವಿದೆ. ಎಣ್ಣೆಯ ಮುಖ್ಯ ಘಟಕ ಸಿನಿಯೋಲ್. ಅದು ಕುದಿಯುವುದು ಸುಮಾರು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ನೀರು ಮತ್ತು ಎಣ್ಣೆ ಪರಸ್ಪರ ಬೆರೆಯುವುದಿಲ್ಲ. ಎರಡರ ಆವಿ ಒತ್ತಡಗಳ ಮೊತ್ತ ವಾಯುಮಂಡಲದ ಒತ್ತಡಕ್ಕೆ ಸಮವಾದೊಡನೆ ಎರಡೂ ಒಟ್ಟಿಗೆ ಕುದಿಯುತ್ತವೆ, ಅದೂ 100 ಡಿಗ್ರಿಗಿಂತ ಕೆಳಗೆ. ಡಾಲ್ಟನ್ನನ ನಿಯಮವನ್ನು ಹಂಡೆಯಲ್ಲೇ ತೋರಿಸಬಹುದು! 1870ರಲ್ಲಿ ಫ್ರಾನ್ಸಿನ ಕ್ಲೋಯೆಜ್ ಸಿನಿಯೋಲನ್ನು ಬೇರ್ಪಡಿಸಿ ಗುರುತಿಸಿದ.

ಸಿನಿಯೋಲ್ ಉರಿಯೂತವನ್ನು ತಗ್ಗಿಸುತ್ತದೆಂಬುದು ಬರೀ ಅಜ್ಜಿ ಮದ್ದಿನ ಮಾತಲ್ಲ. ಉರಿಯೂತದ ಸಂಕೇತಗಳನ್ನು ಸಾರುವ ಸೈಟೊಕೈನ್‌ಗಳ ಉತ್ಪಾದನೆಯನ್ನು ಅದು ಕುಗ್ಗಿಸುತ್ತದೆ. ಜರ್ಮನಿಯಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಟೆರಾಯ್ಡ್ ಅವಲಂಬಿತ 32 ಆಸ್ತಮಾ ರೋಗಿಗಳಿದ್ದರು. ಅರ್ಧದಷ್ಟು ಮಂದಿಗೆ ದಿನಕ್ಕೆ ಮೂರು ಬಾರಿ 200 ಮಿಲಿಗ್ರಾಂ ಸಿನಿಯೋಲ್, ಉಳಿದವರಿಗೆ ಹುಸಿಗುಳಿಗೆ, 12 ವಾರ. ಮೊದಲ ಗುಂಪಿನಲ್ಲಿ ಸ್ಟೆರಾಯ್ಡ್ ಪ್ರಮಾಣವನ್ನು ಶೇಕಡ 36ರಷ್ಟು ಇಳಿಸಲಾಯಿತು. ಎರಡನೆಯದರಲ್ಲಿ ಶೇಕಡ 7 ಮಾತ್ರ. ಗುಂಪು ಚಿಕ್ಕದು ನಿಜ. ಅಲ್ಲದೆ, ಇದು ಅಳೆದು ಕೊಟ್ಟ ಶುದ್ಧ ಸಿನಿಯೋಲ್; ಸಂತೆಯ ಸೀಸೆಯ ಎಣ್ಣೆಯಲ್ಲ.

ಇನ್ನೊಂದು ಮುಖ ನಮ್ಮ ಮನೆಗಳಿಗೇ ಹತ್ತಿರದ್ದು. ದಕ್ಷಿಣ ಭಾರತದ ನಾಲ್ಕು ಆಸ್ಪತ್ರೆಗಳ ನಾಲ್ಕು ವರ್ಷಗಳ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಫಿಟ್ಸ್ ಬಂದಿದ್ದ 350 ವಯಸ್ಕರಲ್ಲಿ 55 ಮಂದಿಗೆ ಸಾರತೈಲಗಳ ಸಂಬಂಧ ಕಂಡಿತು: ನೀಲಗಿರಿ ಮತ್ತು ಕರ್ಪೂರ ಬೆರೆತ ತಯಾರಿಕೆಗಳು. ಕೆಲವರು ಕುಡಿದಿದ್ದರು, ಕೆಲವರು ಹಚ್ಚಿಕೊಂಡಿದ್ದರು, ಕೆಲವರು ಮೂಸಿದ್ದರಷ್ಟೆ. 22 ಮಂದಿಗೆ ಮೊದಲು ಅಪಸ್ಮಾರವಿರಲಿಲ್ಲ. ಸಂಬಂಧ ಕಂಡ ಮಾತ್ರಕ್ಕೆ ಕಾರಣ ಸಿದ್ಧವಾಗದು, ಆದರೂ ಉಪೇಕ್ಷಿಸುವಂಥದಲ್ಲ. ಮಕ್ಕಳು ಈ ಎಣ್ಣೆ ಕುಡಿದು ಪ್ರಜ್ಞೆ ತಪ್ಪಿದ ಪ್ರಕರಣಗಳು ಬಹುಕಾಲದಿಂದ ವೈದ್ಯರಿಗೆ ತಿಳಿದಿವೆ. ಸೀಸೆ ಮಕ್ಕಳ ಕೈಗೆ ಸಿಗಬಾರದು. ಅಪಸ್ಮಾರವಿರುವವರು ವೈದ್ಯರನ್ನು ಕೇಳದೆ ಹಚ್ಚಿಕೊಳ್ಳಬಾರದು. ಫಿಟ್ಸ್ ಬಂದವರನ್ನು ಆಸ್ಪತ್ರೆಗೆ ಕರೆದೊಯ್ದಾಗ ಮನೆಯಲ್ಲಿ ಬಳಸಿದ ಎಣ್ಣೆ, ಬಾಮುಗಳ ಹೆಸರನ್ನೂ ಹೇಳಬೇಕು. ಎಷ್ಟೋ ಬಾರಿ ಅದನ್ನು ಯಾರೂ ಔಷಧಿಯೆಂದೇ ಲೆಕ್ಕಿಸಿರುವುದಿಲ್ಲ.