ಪಾಚಿಯಿಂದ ಪೊಟ್ಟಣದವರೆಗೆ

ಯೂರಿಯಾ ಚೀಲ ಬಿಟ್ಟು ಒಂದು ಪೊಟ್ಟಣ ಜೀವಾಣು ಗೊಬ್ಬರ ಹಾಕಿದರೆ ಭತ್ತ ತಾನಾಗಿ ಬೆಳೆಯುತ್ತದೆ ಎಂಬ ಮಾತು ಈಗ ಕೃಷಿಮೇಳಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಸೂಕ್ಷ್ಮಜೀವಿಗಳ ಮೇಲೆ ಇಷ್ಟು ಪ್ರೀತಿ ಹುಟ್ಟಿದ್ದು ಸಂತೋಷವೇ. ಆದರೆ ಭತ್ತದ ಗದ್ದೆ ನಮಗೆ ಕಲಿಸಿದ್ದು ಬೇರೆ.

ಗಾಳಿಯ ಸಾರಜನಕ ಹಿಡಿಯುವ ಬೇರುಗಂಟಿನ ಬ್ಯಾಕ್ಟೀರಿಯಾವನ್ನು 1888ರಲ್ಲಿ ಡಚ್ ವಿಜ್ಞಾನಿ ಬೈಜರಿಂಕ್ ಬೇರ್ಪಡಿಸಿದ್ದು ದ್ವಿದಳ ಬೆಳೆಗಳ ಕಥೆ. ಭತ್ತದ ಕಥೆ ಶುರುವಾಗುವುದು 1939ರಲ್ಲಿ. ನೀರು ನಿಂತ ಗದ್ದೆಗೆ ಸಾರಜನಕ ಕೂಡಿಸುವುದರಲ್ಲಿ ನೀಲಿ-ಹಸಿರು ಪಾಚಿಯದೇ ಮುಖ್ಯ ಪಾತ್ರವೆಂದು ವಿಜ್ಞಾನಿ ಪಿ. ಕೆ. ದೇ ಆ ವರ್ಷ ತೋರಿಸಿದರು. ಬನಾರಸ್‌ನಲ್ಲಿ ಆರ್. ಎನ್. ಸಿಂಗ್ ಇದೇ ಪಾಚಿಯಿಂದ ಚೌಳು ನೆಲವನ್ನು ಸುಧಾರಿಸಲು ಹೊರಟರು.

ಪಾಚಿಯನ್ನೇ ಗೊಬ್ಬರವಾಗಿಸುವ ವಿದ್ಯೆಯನ್ನು ರೈತನ ಹಿತ್ತಲಿಗೆ ತಂದವರು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಜಿ. ಎಸ್. ವೆಂಕಟರಾಮನ್. ಅಗಲ ತೊಟ್ಟಿಯಲ್ಲಿ ಮಣ್ಣು, ನೀರು, ಒಂದಿಷ್ಟು ಸೂಪರ್‌ಫಾಸ್ಫೇಟ್ ಹಾಕಿ ಬಿಸಿಲಿಗಿಟ್ಟು ಪಾಚಿ ಬೆಳೆಸುವುದು. ಒಣಗಿದ ಹಕ್ಕಳೆಯನ್ನು ನಾಟಿಯಾದ ವಾರದ ಮೇಲೆ ಹೆಕ್ಟೇರಿಗೆ 10 ಕಿಲೋದಂತೆ ಎರಚುವುದು. ಹೆಕ್ಟೇರಿಗೆ 20–30 ಕಿಲೋ ಸಾರಜನಕ ಸಿಗುತ್ತದೆಂಬುದು ಆಗಿನ ಲೆಕ್ಕ. ಇದರಲ್ಲಿ ಅಂಗಡಿಗೆ ಏನೂ ಗಿಟ್ಟುತ್ತಿರಲಿಲ್ಲ. ಈ ಪದ್ಧತಿ ಮೂಲೆಗೆ ಸೇರಲು ಅದೂ ಒಂದು ಕಾರಣವಿರಬಹುದು.

ಇತ್ತ ಕಟಕ್‌ನ ಭತ್ತ ಸಂಶೋಧನಾ ಕೇಂದ್ರದಲ್ಲಿ ಪಿ. ಕೆ. ಸಿಂಗ್ ಅಜೋಲ ಹಿಡಿದರು. ವಿಯೆಟ್ನಾಂ ರೈತರು ತಲೆಮಾರುಗಳಿಂದ ಬಳಸುತ್ತಿದ್ದ ಈ ಜರೀಗಿಡದ ಎಲೆಗುಳಿಯಲ್ಲೇ ಅನಬೀನ ಎಂಬ ನೀಲಿ-ಹಸಿರು ಪಾಚಿ ಮನೆಮಾಡಿರುತ್ತದೆ. ಆದರೆ ಅಜೋಲಕ್ಕೆ ರಂಜಕ ಬೇಕು, ತಂಪು ಬೇಕು, ಬೇಸಿಗೆಯಿಡೀ ಬೀಜಕ್ಕಾಗಿ ಒಂದು ಹೊಂಡ ನೀರು ಬೇಕು. ನಮ್ಮಲ್ಲಿ ಅದೀಗ ಗದ್ದೆ ಬಿಟ್ಟು ಹಸುವಿನ ಬಾನಿ ಸೇರಿದೆ.

1970ರ ದಶಕದಲ್ಲಿ ಬ್ರೆಜಿಲ್‌ನ ಯೋಹಾನಾ ಡೊಬೆರೈನರ್ ಅವರಿಂದ ಅಜೋಸ್ಪಿರಿಲಂ ಎಂಬ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಮುನ್ನೆಲೆಗೆ ಬಂತು. ಸಸಿಯ ಬೇರನ್ನು ಅದರ ದ್ರಾವಣದಲ್ಲಿ ಅದ್ದಿ ನೆಡುವ ಪದ್ಧತಿ ಆಮೇಲಿನದು. ಈ ಬ್ಯಾಕ್ಟೀರಿಯಾದ ಉಪಕಾರದಲ್ಲಿ ದೊಡ್ಡ ಪಾಲು ಬೇರು ಚಿಗುರಿಸುವ ಹಾರ್ಮೋನುಗಳದು. ಪೊಟ್ಟಣದ ಮೇಲೆ ಮಾತ್ರ ಸಾರಜನಕದ ಹೆಸರೇ ದಪ್ಪಕ್ಷರದಲ್ಲಿರುತ್ತದೆ.

ನನ್ನ ಪ್ರಕಾರ ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ಕೆಲಸ ನಡೆದದ್ದು 1980ರ ದಶಕದಲ್ಲಿ, ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿ ರೋಜೆ ಮತ್ತು ಸಂಗಡಿಗರು ಕಂಡದ್ದಿಷ್ಟು: ಸಾರಜನಕ ಹಿಡಿಯುವ ಪಾಚಿ ಗದ್ದೆಗಳಲ್ಲಿ ಮೊದಲೇ ಇರುತ್ತದೆ, ಹೊರಗಿನಿಂದ ತಂದದ್ದು ಅಪರೂಪಕ್ಕೆ ನೆಲೆಯೂರುತ್ತದೆ. ನೀರಿಗೆ ಎರಚಿದ ಯೂರಿಯಾ ಪಾಚಿಯನ್ನು ಹತ್ತಿಕ್ಕುತ್ತದೆ, ಸಣ್ಣ ಜಲಜೀವಿಗಳು ಮೇಯುತ್ತವೆ, ರಂಜಕ ಸಾಲದೆ ಅದು ಸೊರಗುತ್ತದೆ. ಅಂದರೆ ಮೊದಲು ತಿದ್ದಬೇಕಾದ್ದು ಗದ್ದೆಯ ನಿರ್ವಹಣೆಯನ್ನು. ಈ ಮಾತನ್ನು ಮಾರುವುದು ಹೇಗೆ?

ಮಾರಲು ಬಂದದ್ದು ಪೊಟ್ಟಣ. 2006ರಲ್ಲಿ ಜೀವಾಣು ಗೊಬ್ಬರ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ಬಂತು. ಪುಡಿಯಾದರೆ ಗ್ರಾಮಿಗೆ 5 ಕೋಟಿ ಜೀವಕೋಶ ಇರಬೇಕೆಂಬ ನಿಯಮವಾಯಿತು. ಒಳ್ಳೆಯದೇ. ಆದರೂ ಉತ್ಪಾದನೆಯ ವರದಿಗಳು ಬರುವುದು ಟನ್ ಲೆಕ್ಕದಲ್ಲಿ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗಿದ್ದ ಪೊಟ್ಟಣ ನಾಟಿಯ ದಿನ ಎಷ್ಟು ಜೀವ ಹೊತ್ತಿರುತ್ತದೆಂಬ ಅಂಕಣ ಅವುಗಳಲ್ಲಿಲ್ಲ. ಪ್ರಾತ್ಯಕ್ಷಿಕೆ ತಾಕುಗಳಲ್ಲೂ ಜೀವಾಣು ಹಾಕಿದ ಮಡಿಯ ಪಕ್ಕದಲ್ಲಿ ಏನೂ ಹಾಕದ ಮಡಿ ಇರುತ್ತದೆ. ಫಲ ಜೀವಾಣುವಿನದೋ ಬರಿಯ ಪುಡಿಯದೋ ಎಂದು ತಿಳಿಸಲು, ಅದೇ ಪುಡಿಯನ್ನು ಕುದಿಸಿ, ಜೀವಾಣು ಸಾಯಿಸಿ ಹಾಕಿದ ಮೂರನೆಯ ಮಡಿ ಅಪರೂಪ. ಆ ಮಡಿಗೆ ತಗಲುವುದು ಒಂದು ಸೆಂಟು ಜಾಗ, ಒಂದು ಕುಕ್ಕರ್.