ಯಾವ ನಕ್ಷತ್ರವನ್ನು ನೋಡಬೇಕು?

ಮಳೆಗಾಲ ಹಿಡಿಯುವ ಮುನ್ನ, ಮೇ ತಿಂಗಳ ಮೋಡವಿಲ್ಲದ ಒಂದು ರಾತ್ರಿ ಊಟ ಮುಗಿಸಿ ಶೆಟ್ಟಿಕೊಪ್ಪದ ಮನೆಯಂಗಳದಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿರಿ. ಅಡಿಕೆ ತೋಟವೂ ಗುಡ್ಡದ ಸಾಲೂ ಅಡ್ಡ ಬರದಿದ್ದರೆ, ದಿಗಂತದಿಂದ ತುಸು ಮೇಲೆ ಅಕ್ಕಪಕ್ಕದಲ್ಲಿ ಹೊಳೆಯುವ ಎರಡು ನಕ್ಷತ್ರಗಳು ಕಂಡಾವು. ಎಡಗಡೆಯದು ಆಲ್ಫಾ ಸೆಂಟಾರಿ. ಅದು ಒಂದಲ್ಲ, ಜೋಡಿ ನಕ್ಷತ್ರವೆಂದು ಮೊದಲು ಕಂಡವರು ಯೇಸುಸಭೆಯ ಫ್ರೆಂಚ್ ಗುರು ಝಾನ್ ರಿಶೋ. 1689ರ ಡಿಸೆಂಬರಿನಲ್ಲಿ, ಪುದುಚೇರಿಯಲ್ಲಿ ಧೂಮಕೇತುವೊಂದನ್ನು ನೋಡುತ್ತಿದ್ದಾಗ.

ಆ ಜೋಡಿಯ ಬಳಿಯಲ್ಲೇ ಮೂರನೆಯದೊಂದಿದೆ: ಪ್ರಾಕ್ಸಿಮಾ. ಸೂರ್ಯನಿಗೆ ಅತಿ ಸಮೀಪದ ನಕ್ಷತ್ರ ಅದೇ. ಆದರೂ ಅದು ಪತ್ತೆಯಾದದ್ದು 1915ರಲ್ಲಿ, ಏಕೆಂದರೆ ಅದು ಬರಿಗಣ್ಣಿಗೆ ಕಾಣುವುದೇ ಇಲ್ಲ. ನಮ್ಮ ಸುತ್ತಣ ನಕ್ಷತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಇಂಥ ಮಂದವಾದ ಕೆಂಪು ಕುಬ್ಜಗಳೇ. ಅಂಗಳದಿಂದ ನಾವು ಎಣಿಸುವ ನಕ್ಷತ್ರಗಳೆಲ್ಲ ಹೆಚ್ಚಾಗಿ ದೂರದಲ್ಲಿದ್ದರೂ ಕಣ್ಣು ಕುಕ್ಕುವ ಸಿರಿವಂತರು. ಅವುಗಳನ್ನಷ್ಟೇ ನೋಡಿ ಆಕಾಶಗಂಗೆಯ ಚರಿತ್ರೆ ಬರೆದರೆ, ಊರಿನ ದೊಡ್ಡ ಮನೆಗಳನ್ನಷ್ಟೇ ಸುತ್ತಿ ಊರಿನ ಚರಿತ್ರೆ ಬರೆದಂತಾಗುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕೆನ್ನುತ್ತೇವೆ. ಆಕಾಶ ಅಂಥ ಪಾತ್ರೆಯಲ್ಲ.

ನಕ್ಷತ್ರದ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ವರ್ಣಪಟಲ ದೊರೆಯುತ್ತದೆ. ಅದರಲ್ಲಿನ ಕಪ್ಪು ಗೆರೆಗಳು ಆ ನಕ್ಷತ್ರದಲ್ಲಿ ಯಾವ ಯಾವ ಧಾತುಗಳಿವೆಯೆಂಬುದನ್ನು ಹೇಳುತ್ತವೆ. ಈ ವಿದ್ಯೆಯಿಂದ ನಕ್ಷತ್ರಗಳನ್ನು ಗುಂಪುಗಳಾಗಿ ವಿಂಗಡಿಸಿದ ಮೊದಲಿಗರಲ್ಲಿ ಯೇಸುಸಭೆಯ ಗುರು ಆಂಜೆಲೋ ಸೆಕ್ಕಿಯವರು (1818–1878) ಪ್ರಮುಖರು. ರೋಮಿನ ಸಂತ ಇಗ್ನಾಸಿಯವರ ದೇವಾಲಯದ ಮೇಲ್ಭಾಗದಲ್ಲಿದ್ದ ವೀಕ್ಷಣಾಲಯದಿಂದ ಅವರು ಸುಮಾರು 4,000 ನಕ್ಷತ್ರಗಳ ವರ್ಣಪಟಲವನ್ನು ಒಂದೊಂದಾಗಿ ಪರಿಶೀಲಿಸಿದರು. ಕಣ್ಣೇ ಅವರ ಉಪಕರಣ. ಆದುದರಿಂದ ಕಣ್ಣಿಗೆ ಎಟುಕುವಷ್ಟು ಬೆಳಕುಳ್ಳವುಗಳೇ ಅವರ ಆಯ್ಕೆ. ಬೇರೆ ದಾರಿ ಅವರಿಗಿರಲಿಲ್ಲ.

ಛಾಯಾಚಿತ್ರ ಬಂದ ಮೇಲೆ ಆಯ್ಕೆಯ ಹೊರೆಯೇ ಇಳಿದಂತಾಯಿತು; ತನ್ನ ಮೇಲೆ ಬಿದ್ದ ಅನೇಕ ನಕ್ಷತ್ರಗಳ ಬೆಳಕನ್ನು ಗಾಜಿನ ಫಲಕ ಒಮ್ಮೆಗೇ ಹಿಡಿಯುತ್ತದೆ. 1887ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಖಗೋಳಜ್ಞರು ಆಕಾಶವನ್ನು ಪಟ್ಟಿಗಳಾಗಿ ಹಂಚಿಕೊಂಡು ನಕ್ಷತ್ರಗಳ ಸ್ಥಾನಗಳನ್ನು ದಾಖಲಿಸಲು ನಿರ್ಧರಿಸಿದರು. ಒಂದು ಪಟ್ಟಿ ವ್ಯಾಟಿಕನ್ನಿನ ಪಾಲಿಗೆ ಬಂತು. ಮತ್ತೊಂದನ್ನು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯ ಮುಂದೆ ವಹಿಸಿಕೊಂಡಿತು. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳು ಆಗ ಆ ಸಂಸ್ಥಾನದಲ್ಲೇ ಇದ್ದವು. ವ್ಯಾಟಿಕನ್ನಿನ ಫಲಕಗಳನ್ನು ಅಳೆದವರು ನಾಲ್ವರು ಕನ್ಯಾಸ್ತ್ರೀಯರು. 1910ರಿಂದ 1921ರವರೆಗೆ ಸೂಕ್ಷ್ಮದರ್ಶಕದ ಮುಂದೆ ಕುಳಿತು 4,81,215 ನಕ್ಷತ್ರಗಳನ್ನು ಅವರು ಲೆಕ್ಕಕ್ಕೆ ತಂದರು. ಎಮಿಲಿಯಾ ಪೊನ್ಜೋನಿ, ರೆಜಿನಾ ಕೊಲೊಂಬೊ, ಕೊಂಚೆಟ್ಟಾ ಫಿನಾರ್ಡಿ, ಲುಯಿಜಾ ಪಾಂಚೆರಿ ಎಂಬ ಅವರ ಹೆಸರುಗಳು ಲೋಕಕ್ಕೆ ತಿಳಿದದ್ದು 2016ರಲ್ಲಿ! ಒಂದು ನಕ್ಷತ್ರವನ್ನೂ ಬಿಡದ ಪಟ್ಟಿ ತನ್ನನ್ನು ಬರೆದವರನ್ನೇ ಬಿಟ್ಟಿತ್ತು.

ಆದರೆ ಸ್ಥಾನ ಗುರುತಿಸುವುದು ಬೇರೆ, ಬೆಳಕನ್ನು ಬಿಡಿಸಿ ಓದುವುದು ಬೇರೆ. ಗಯಾ ಉಪಗ್ರಹವು 2025ರ ಆರಂಭದಲ್ಲಿ ವೀಕ್ಷಣೆ ಮುಗಿಸುವ ಮೊದಲೇ ಸುಮಾರು 180 ಕೋಟಿ ನಕ್ಷತ್ರಗಳ ಪಟ್ಟಿಯನ್ನು ನಮಗೆ ಕೊಟ್ಟಿತ್ತು. ಅಷ್ಟನ್ನೂ ವಿವರವಾಗಿ ಓದಲು ಭೂಮಿಯ ದೂರದರ್ಶಕಗಳಿಗೆ ರಾತ್ರಿಗಳೆಲ್ಲಿವೆ? ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ನಡೆದ ಸ್ಲೋನ್ ಸಮೀಕ್ಷೆಯವರು ಮೊದಲ ವರ್ಷಗಳಲ್ಲಿ ಅಲ್ಯೂಮಿನಿಯಂ ತಟ್ಟೆಯಲ್ಲಿ 640 ರಂಧ್ರ ಕೊರೆದು, ಪ್ರತಿಯೊಂದಕ್ಕೂ ಕೈಯಿಂದಲೇ ಗಾಜಿನ ಎಳೆ ಸಿಕ್ಕಿಸಿ, ಒಮ್ಮೆಗೆ ಅಷ್ಟು ಕಾಯಗಳ ಬೆಳಕನ್ನು ಓದಿದರು. ರಂಧ್ರವಿಲ್ಲದ ನಕ್ಷತ್ರಕ್ಕೆ ಆ ರಾತ್ರಿ ಬಾಗಿಲು ಮುಚ್ಚಿದಂತೆಯೇ. ಎರಡು ತೀರ ಒತ್ತಾಗಿದ್ದರೆ ಎಳೆಗಳು ಒಂದಕ್ಕೊಂದು ತಾಗುತ್ತವೆ, ಒಂದನ್ನು ಬಿಡಲೇಬೇಕು.

ಹಾಗಾದರೆ ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು? ಆಸ್ಟ್ರೇಲಿಯಾದ 'ಗಾಲಾ' ಸಮೀಕ್ಷೆಯವರು ಬೇಕೆಂದೇ ಬಹು ಸರಳವಾದ ನಿಯಮವೊಂದನ್ನು ಮಾಡಿಕೊಂಡರು. ಮುಖ್ಯವಾಗಿ 12ರಿಂದ 14ರವರೆಗಿನ ಕಾಂತಿಮಾನದವು, ಆಕಾಶಗಂಗೆಯ ದಟ್ಟ ಪಟ್ಟಿಯಿಂದ 10 ಡಿಗ್ರಿಗಿಂತ ಆಚೆ ಇರುವವು, ಬಣ್ಣ ನೋಡುವಂತಿಲ್ಲ. ಅಡಿಕೆ ಕೊಳ್ಳುವ ಜಾಣ ವ್ಯಾಪಾರಿ ಮೂಟೆಯ ಬಾಯಲ್ಲಿರುವುದನ್ನಷ್ಟೇ ನೋಡಿ ದರ ಹೇಳುವುದಿಲ್ಲ, ಒಳಗಿನಿಂದಲೂ ತೆಗೆದು ನೋಡುತ್ತಾನೆ. ನಿಯಮ ಸರಳವಾಗಿದ್ದರೆ, ಏನನ್ನು ಬಿಟ್ಟೆವು ಎಂಬುದಕ್ಕೂ ಲೆಕ್ಕ ಸಿಗುತ್ತದೆ. 2024ರಲ್ಲಿ ಹೊರಬಂದ ಅವರ ನಾಲ್ಕನೆಯ ಪಟ್ಟಿಯಲ್ಲಿ 9,17,588 ನಕ್ಷತ್ರಗಳಿವೆ. ನನ್ನ ಮಟ್ಟಿಗೆ ಆ ಸಂಖ್ಯೆಗಿಂತ ಈ ನಿಯಮವೇ ದೊಡ್ಡದು.

ನಮ್ಮ ಬೆಂಗಳೂರಿನವರ ದಾರಿ ಬೇರೆ. ಭಾರತೀಯ ಖಭೌತವಿಜ್ಞಾನ ಸಂಸ್ಥೆಯವರು ಹೊಸಕೋಟೆಯ ಕೇಂದ್ರದಲ್ಲಿ ಕುಳಿತು, ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ದರ್ಪಣದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಅಲ್ಲಿನ ಸೂಕ್ಷ್ಮ ವರ್ಣಪಟಲ ಯಂತ್ರದಿಂದ ಒಮ್ಮೆಗೆ ಒಂದೇ ನಕ್ಷತ್ರವನ್ನು ಓದುವುದು ಸಾಧ್ಯ. ಒಂದಕ್ಕೇ ಗಂಟೆಗಟ್ಟಲೆ ಬೇಕಾದೀತು. ಅವರು ಹುಡುಕುವುದು ಅತಿ ಪುರಾತನವಾದವುಗಳನ್ನು. ವಿಶ್ವದ ಆದಿಯಲ್ಲಿ ಇದ್ದದ್ದು ಹೈಡ್ರೋಜನ್, ಹೀಲಿಯಂ ಮತ್ತು ತುಸು ಲಿಥಿಯಂ ಮಾತ್ರ. ಕಬ್ಬಿಣ ಮುಂತಾದವು ಆಮೇಲೆ ನಕ್ಷತ್ರಗಳ ಒಡಲಲ್ಲೇ ಬೆಂದು ಬಂದವು. ಆದುದರಿಂದ ಕಬ್ಬಿಣ ಬಹಳ ಕಡಿಮೆಯಿರುವ ನಕ್ಷತ್ರ ಸಾಮಾನ್ಯವಾಗಿ ಬಹಳ ಹಿಂದಿನದು. ಸೂರ್ಯನ ಸಾವಿರದಲ್ಲೊಂದು ಪಾಲಿನಷ್ಟೂ ಕಬ್ಬಿಣವಿಲ್ಲದವು ಅತಿ ವಿರಳ. ಅವುಗಳನ್ನು ಕುರುಡಾಗಿ ಹುಡುಕಿದರೆ ಜೀವಮಾನ ಸಾಲದು; ಜರಡಿ ಹಿಡಿಯಲೇಬೇಕು. ಜರಡಿ ಹಿಡಿದ ಮೇಲೆ, ಇಂಥವು ಆಕಾಶಗಂಗೆಯಲ್ಲಿ ಎಷ್ಟಿವೆಯೆಂದು ಆ ಆಯ್ದ ಕಾಳುಗಳನ್ನು ನೋಡಿ ಹೇಳುವ ಹಕ್ಕು ಉಳಿಯುವುದಿಲ್ಲ. ಅದು ಈ ಆಯ್ಕೆಗೆ ತೆರಬೇಕಾದ ಬೆಲೆ.

ಅವರ ಜರಡಿ ಎಲ್ಲಿಂದ ಬಂತೆಂಬುದು ಕುತೂಹಲಕರ. ಸ್ಲೋನ್ ಸಮೀಕ್ಷೆಯ ಒಂದು ವಿಭಾಗ, ಗ್ರಹಗಳನ್ನು ಹೊಂದಿರಬಹುದಾದ ನಕ್ಷತ್ರಗಳನ್ನು ಅರಸುವಾಗ, ಬೇಡವಾದ ದೈತ್ಯ ನಕ್ಷತ್ರಗಳನ್ನು ಬೇರ್ಪಡಿಸಲೆಂದು ಸಾವಿರಾರು ನಕ್ಷತ್ರಗಳ ಸ್ಥೂಲ ವರ್ಣಪಟಲಗಳನ್ನು ಮುಂಚಿತವಾಗಿ ತೆಗೆದಿಟ್ಟಿತ್ತು. ಆ ಕೆಲಸ ಮುಗಿಯಿತು, ವರ್ಣಪಟಲಗಳು ಉಳಿದವು. ಲೋಹದ ಗೆರೆಗಳು ಕ್ಷೀಣವಾಗಿದ್ದವುಗಳನ್ನು ಅದರಲ್ಲಿ ಆರಿಸಿ, ಬೆಂಗಳೂರಿನವರು ಹಾನ್ಲೆಯ ದೂರದರ್ಶಕವನ್ನು ಒಂದೊಂದರ ಕಡೆಗೆ ತಿರುಗಿಸಿದರು.