ಕೋಟೆಯೂ ಕೋಳಿಯ ಬೇಲಿಯೂ

ಬಾದಾಮಿಯೆಂದೊಡನೆ ಕಣ್ಣ ಮುಂದೆ ನಿಲ್ಲುವುದು ಕಲ್ಲು: ಕೆಂಪು ಬಂಡೆ, ಗುಹಾಲಯ, ಬೆಟ್ಟದ ಮೇಲಣ ಕೋಟೆ. ಕ್ರಿ.ಶ. ೫೪೩ರಲ್ಲಿ ಒಂದನೆಯ ಪುಲಕೇಶಿಯು ಈ ಬೆಟ್ಟವನ್ನು ದುರ್ಗವಾಗಿಸಿ, ಅದು ಮೇಲಿನಿಂದಲೂ ಕೆಳಗಿನಿಂದಲೂ ಅಭೇದ್ಯವೆಂದು ಬಂಡೆಯ ಮೇಲೆ ಬರೆಸಿದನು. ನೂರು ವರ್ಷ ತುಂಬುವ ಮೊದಲೇ ಪಲ್ಲವ ನರಸಿಂಹವರ್ಮನು ಆ ವಾತಾಪಿಯನ್ನು ಹಿಡಿದನು. ಇದನ್ನು ಶಾಲೆಯ ಹುಡುಗನೂ ಬಲ್ಲ. ಆದರೆ ಈ ನಾಡಿನಲ್ಲಿ ಇನ್ನೊಂದು ಬಗೆಯ ಕೋಟೆಯೂ ಉಂಟು. ಅದಕ್ಕೆ ಶಾಸನವಿಲ್ಲ, ಕಟ್ಟಿಸಿದವನ ಹೆಸರಿಲ್ಲ. ಅದು ಹಿತ್ತಿಲಲ್ಲಿ ಕೋಳಿಗಾಗಿ ಕಟ್ಟುವ ಗೂಟದ ಬೇಲಿ.

ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಲ್ಲಿ ಮಳೆ ಕಡಿಮೆ. ದೊಡ್ಡ ಮರ ವಿರಳ. ಕೈಗೆ ಸಿಕ್ಕುವುದು ಜಾಲಿ. ಅದರ ಕೊಂಬೆ ಸವರಿ ಗೂಟ ಮಾಡಬೇಕು. ಗೆದ್ದಲು ಬೇಗನೆ ಹತ್ತದಿರಲೆಂದು, ನೆಲದೊಳಗೆ ಹೋಗುವ ತುದಿಯನ್ನು ಸುಟ್ಟು ಕಪ್ಪಾಗಿಸುವುದು ಹಳೆಯ ರೂಢಿ. ಮರಿ ನುಸುಳದಷ್ಟು ಒತ್ತಾಗಿ ಗೂಟ ನೆಟ್ಟು, ಅಡ್ಡಲಾಗಿ ಕೋಲು ಇಟ್ಟು, ಪುಂಡಿಯ ನಾರಿನಿಂದ ಬಿಗಿಯಬೇಕು. ಮುಂಗುಸಿ ಕೆದರದಂತೆ ಬುಡಕ್ಕೆ ಕಲ್ಲು, ಮುಳ್ಳು. ಅಡ್ಡಕೋಲನ್ನು ತೀರ ಮೇಲ್ತುದಿಗೆ ಕಟ್ಟಬಾರದು. ಕಟ್ಟಿದರೆ ಕೋಳಿ ಹಾರಿ ಅದರ ಮೇಲೆ ಕುಳಿತು ಆಚೆಗೆ ಇಳಿಯುತ್ತದೆ. ಇಷ್ಟಾದರೂ ಇದು ಹಗಲಿನ ಕಾವಲು ಮಾತ್ರ. ರಾತ್ರಿ ಕಾಡುಬೆಕ್ಕಿನಿಂದ ಉಳಿಯಲು ಗೂಡೇ ಬೇಕು. ಮೇಲಿನಿಂದ ಎರಗುವ ಹದ್ದಿಗೆ ತಾಯಿಕೋಳಿಯ ರೆಕ್ಕೆಯೇ ಗತಿ. ಈ ಬೇಲಿ ಅಭೇದ್ಯವೆಂದು ಯಾರೂ ಬರೆಸಲಿಲ್ಲ.

ಇಂತಹ ಬೇಲಿಗೆ ಇತಿಹಾಸವೆಲ್ಲಿಯದು ಎಂದು ವಾಚಕರು ಕೇಳಬಹುದು. ಮರ ಮಣ್ಣಾದರೂ ಗೂಟದ ಕುಳಿ ಉಳಿಯುತ್ತದೆ. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡ ಕೃಷ್ಣೆ ಪೂರ್ವಕ್ಕೆ ಹರಿದು ತೆಲಂಗಾಣವನ್ನು ಮುಟ್ಟುತ್ತಾಳೆ. ಅಲ್ಲಿ, ಹಳೆಯ ಮಹಬೂಬನಗರ ಜಿಲ್ಲೆಯ ಉತ್ನೂರಿನ ಬೂದಿದಿಬ್ಬವನ್ನು ೧೯೫೭ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಅಗೆಸಿದಾಗ, ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ದನದ ದೊಡ್ಡಿ ಕಾಣಿಸಿತು. ಸಾಲುಸಾಲಾಗಿ ಗೂಟದ ಕುಳಿಗಳು, ನೆಲದಲ್ಲಿ ಗೊರಸಿನ ಗುರುತುಗಳು. ಆ ದೊಡ್ಡಿ ಹಲವು ಸಲ ಸುಟ್ಟಿತ್ತು. ಜನ ಮತ್ತೆ ಮತ್ತೆ ಕಟ್ಟಿದ್ದರು. ಅದು ದನಕ್ಕೆ, ಇದು ಕೋಳಿಗೆ. ಗೂಟ ನೆಟ್ಟು ಜೀವ ಕಾಯುವ ವಿದ್ಯೆ ಒಂದೇ.

ಎರಡನೆಯ ಸಾಕ್ಷಿ ನುಡಿ. ಕೋಳಿ, ಬೇಲಿ ಎರಡೂ ಅಚ್ಚ ದ್ರಾವಿಡ ಮಾತುಗಳು. ತಮಿಳಿನಲ್ಲಿಯೂ ಇವುಗಳ ಒಡಹುಟ್ಟುಗಳುಂಟು. ಹನ್ನೆರಡನೆಯ ಶತಮಾನದಲ್ಲಿ, ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ಈ ಎರಡನ್ನೂ ವಚನಕ್ಕೆ ತಂದರು. ಕುಟುಕು ಕಂಡೊಡನೆ ತನ್ನ ಕುಲವನ್ನೆಲ್ಲ ಕರೆಯುವ ಕೋಳಿಯನ್ನು ಭಕ್ತನಿಗೆ ಮಾದರಿಯಾಗಿಟ್ಟರು. ಕಾಯಬೇಕಾದುದೇ ತಿನ್ನತೊಡಗಿದರೆ ದೂರುವುದಾರಿಗೆ ಎನ್ನಲು ಹೊಲ ಮೇಯುವ ಬೇಲಿಯನ್ನು ತೋರಿಸಿದರು. ಅರಸನ ಭಂಡಾರವನ್ನು ಕಂಡವರಿಗೂ ಹೋಲಿಕೆ ಹಿತ್ತಿಲಿನಿಂದಲೇ ಬಂದಿತು.

ನನಗೆ ತೋರುವುದಿಷ್ಟು. ಹಲವು ಮನೆಗಳಲ್ಲಿ ಮೊಟ್ಟೆಯ ಕಾಸು ಹೆಣ್ಣುಮಕ್ಕಳ ಸ್ವಂತ ಕಾಸು. ಉಪ್ಪೆಣ್ಣೆಗೆ, ಮಕ್ಕಳ ಪಾಟಿಗೆ ಅದೇ ಆಧಾರ. ಆ ಕಾಸನ್ನು ಕಾದದ್ದು ಪುಲಕೇಶಿಯ ಕೋಟೆಯಲ್ಲ, ಈ ಬೇಲಿ. ಈಗ ತಂತಿಯ ಬಲೆ ಬಂದಿದೆ. ಅದು ಬಾಳಿಕೆ ಬರುತ್ತದೆ, ಬರಲಿ. ಗೂಟದ ಬೇಲಿ ಕಟ್ಟಬಲ್ಲ ಹಿರಿಯರು ಇರುವಾಗಲೇ ಯಾವ ಮರ, ಎಷ್ಟು ಆಳ, ಯಾವ ನಾರು ಎಂದು ಕೇಳಿ ಬರೆದಿಟ್ಟುಕೊಳ್ಳೋಣ. ಕೋಟೆಯ ಮಾತನ್ನು ಬಂಡೆ ಹೇಳುತ್ತದೆ. ಬೇಲಿಯ ಮಾತನ್ನು ನಾವೇ ಹೇಳಬೇಕು.